ಒಂದು ಬಬಲ್ ಗಮ್ಮಿನ ಭಾನುವಾರ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ಅರಸೀಕೆರೆ ತೋಟದ ಮನೆ’. ತೋಟ ಮಾರಿ 11 ವರ್ಷ ಆಯಿತು, ಗುಂಪು ಮಾತ್ರ ಉಳಿದಿದೆ. 43 ಜನ ಇದ್ದೇವೆ. ಅಡ್ಮಿನ್ ನಾನು. ಯಾವ ಪಾಪಕ್ಕೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ 6:10ಕ್ಕೆ ದೊಡ್ಡಪ್ಪನ ಫಾರ್ವರ್ಡ್ ಬಂತು. ಅವರು ಮುಖ ತೊಳೆಯುವ ಮೊದಲು ಮಾಡುವ ಕೆಲಸ ಇದು.

“ಸಿಂಗಾಪುರದಲ್ಲಿ ಬಬಲ್ ಗಮ್ ಅಗಿದರೆ ಜೈಲು! ರಸ್ತೆಯಲ್ಲಿ ಉಗುಳಿದರೆ ಛಡಿ ಏಟು! ಕಾನೂನು ಅಂದರೆ ಕಾನೂನು. ಅದಕ್ಕೇ ಅಲ್ಲಿಯ ಜನ ಸರ್ಕಾರದ ಮೇಲೆ ಒಂದೇ ಒಂದು ದೂರೂ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಯಾವಾಗ? ಒಪ್ಪಿದರೆ 10 ಗುಂಪಿಗೆ ಕಳಿಸಿ.”

ಕೆಳಗೆ ದೊಡ್ಡಪ್ಪನ ಸ್ವಂತ ಸಾಲು: “ದಂಡಂ ದಶಗುಣಂ ಭವೇತ್.”

ಏಳು ಗಂಟೆಯೊಳಗೆ ಹದಿನಾಲ್ಕು ಕೈಮುಗಿಯುವ ಚಿತ್ರ ಬಂದವು. ಚಿಕ್ಕಮ್ಮ “ಹುಟ್ಟುಹಬ್ಬದ ಶುಭಾಶಯಗಳು ಭಾವ, ನೂರು ಕಾಲ ಬಾಳಿ” ಅಂತ ಹಾಕಿದರು. ದೊಡ್ಡಪ್ಪನ ಹುಟ್ಟುಹಬ್ಬ ಇರೋದು ನವೆಂಬರಿನಲ್ಲಿ. ಚಿಕ್ಕಮ್ಮನನ್ನು ನೋಡಿ ಇನ್ನೂ ನಾಲ್ಕು ಜನ ಕೇಕ್ ಕಳಿಸಿದರು.

7:32ಕ್ಕೆ ಪ್ರಶಾಂತ ಬಂದ. ಅತ್ತೆಯ ಮಗ. ಗುಂಪಿನಲ್ಲಿ ಅವನಿಗೆ ‘ಸೋರ್ಸ್ ಪ್ರಶಾಂತ’ ಅಂತಲೇ ಹೆಸರು.

“ಮಾವ, ಸೋರ್ಸ್ ಏನು? ಗಮ್ ಅಗಿಯೋದು ಅಲ್ಲಿ ಅಪರಾಧ ಅಲ್ಲ. 1992ರ ಜನವರಿ 3ರಿಂದ ನಿಷೇಧ ಆಗಿರೋದು ಗಮ್ ಮಾರಾಟ, ತಯಾರಿಕೆ, ಹೊರದೇಶದಿಂದ ತರೋದು. ಜನ ಅಗಿದು ಮೆಟ್ರೋ ಬಾಗಿಲಿನ ಸೆನ್ಸರ್‌ಗೆ ಅಂಟಿಸ್ತಿದ್ದರು. ಬಾಗಿಲು ಮುಚ್ಚದೆ ರೈಲು ನಿಲ್ತಿತ್ತು. 2004ರಿಂದ ಔಷಧದ ಗಮ್ ಫಾರ್ಮಸಿಯಲ್ಲಿ ಸಿಗುತ್ತೆ. ಉಗುಳಿದರೆ ದಂಡ, ಛಡಿ ಅಲ್ಲ. ಛಡಿ ಬಿದ್ದಿದ್ದು 1994ರಲ್ಲಿ ಒಬ್ಬ ಅಮೆರಿಕದ ಹುಡುಗನಿಗೆ, ಕಾರುಗಳಿಗೆ ಬಣ್ಣ ಎರಚಿದ್ದಕ್ಕೆ. ಆರು ಏಟು ಅಂತ ಇದ್ದದ್ದು, ಕ್ಲಿಂಟನ್ ಕೇಳಿಕೊಂಡ ಮೇಲೆ ನಾಲ್ಕಾಯ್ತು.”

ಇಷ್ಟುದ್ದ ಬರೆದದ್ದನ್ನು ಯಾರೂ ಓದಲಿಲ್ಲ ಅಂತ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಯಾಕೆಂದರೆ ಇದರ ಕೆಳಗೂ ಒಬ್ಬರು ಕೇಕ್ ಹಾಕಿದರು.

ದೊಡ್ಡಪ್ಪ: “ನಿನಗೆ ಎಲ್ಲದಕ್ಕೂ ಸೋರ್ಸ್ ಬೇಕು. ನಿನ್ನ ಮದುವೆಗೆ ಹುಡುಗಿ ನೋಡೋವಾಗ ನಾನು ಹೇಳಿದ ಮಾತಿಗೂ ಸೋರ್ಸ್ ಕೇಳಿದ್ದೆ. ಆಮೇಲೆ ಏನಾಯ್ತು?”

ಪ್ರಶಾಂತ: “ಮದುವೆ ಚೆನ್ನಾಗಿದೆ ಮಾವ. ವಿಷಯಕ್ಕೆ ಬನ್ನಿ. ಹಾಗೆ ನೋಡಿದರೆ ಸಿಂಗಾಪುರದಲ್ಲಿ ಸುಳ್ಳು ಸುದ್ದಿಗೂ ಕಾನೂನು ಇದೆ. 2019ರಲ್ಲಿ ಬಂತು, ಪೋಫ್ಮಾ ಅಂತಾರೆ. ನೀವು ಅಲ್ಲಿದ್ದಿದ್ದರೆ ಈ ಫಾರ್ವರ್ಡ್ ಕೆಳಗೆ ‘ಇದು ತಪ್ಪು’ ಅಂತ ಸರ್ಕಾರವೇ ನಿಮ್ಮ ಕೈಲಿ ಹಾಕಿಸ್ತಿತ್ತು.”

ಅತ್ತೆ ತಕ್ಷಣ ಮಗನನ್ನು ಬೈದರು. “ಪ್ರಶಾಂತ, ದೊಡ್ಡವರ ಹತ್ರ ಮಾತಾಡೋ ರೀತಿ ಇದಲ್ಲ. ಅಣ್ಣ, ಅವನ ಪರವಾಗಿ ನಾನು ಕ್ಷಮೆ ಕೇಳ್ತೀನಿ.” ಇಬ್ಬರೂ ಒಂದೇ ಮನೆಯಲ್ಲಿ ಇರುತ್ತಾರೆ. ಒಬ್ಬರು ಅಡುಗೆಮನೆ, ಒಬ್ಬರು ಹಾಲ್. ಆದರೂ ಬೈಗುಳ ಗುಂಪಿನಲ್ಲೇ ಬರಬೇಕು, ಸಾಕ್ಷಿಗೆ.

ಆಗ ದಾವಣಗೆರೆಯಿಂದ ಸೀನಣ್ಣ ಎದ್ದ. ಸೀನಣ್ಣ ಬಂದರೆ ವಿಷಯ ದಾರಿ ತಪ್ಪಿತು ಅಂತಲೇ ಅರ್ಥ.

“ಬಬಲ್ ಗಮ್ ಅಂದ ತಕ್ಷಣ ನೆನಪಾಯ್ತು. ಬಿಗ್ ಫನ್ ಜ್ಞಾಪಕ ಇದೆಯಾ ಯಾರಿಗಾದರೂ? ಒಳಗೆ ಕ್ರಿಕೆಟ್ ಚೀಟಿ ಇರ್ತಿತ್ತು. ರನ್ ಕೂಡಿಸ್ತಿದ್ದೆವು.”

“ಸ್ಟೇಷನ್ ರೋಡ್ ಅಂಗಡಿ.”

“ಒಂದು ಸಲ ನುಂಗಿಬಿಟ್ಟೆ. ಕರುಳಿಗೆ ಅಂಟಿಕೊಳ್ಳುತ್ತೆ ಅಂತ ಅಜ್ಜಿ ಎರಡು ದಿನ ಬಾಳೆಹಣ್ಣು ತಿನ್ನಿಸಿದರು.”

“ಎರಡನೇ ದಿನ ರಾತ್ರಿ ಕೇಳಿದರು, ಹೊರಗೆ ಬಂತೇನೋ ಅಂತ.”

ಹೀಗೆ ಒಟ್ಟು ಹದಿನೇಳು ಮೆಸೇಜ್. ಕೊನೆಗೆ ಕೊಬ್ಬರಿ ಅಟ್ಟದ ಹಳೇ ಫೋಟೊ. ಒಣಗಿದ ಕಾಯಿಗಳ ನಡುವೆ ನಾವು ಆರು ಮಕ್ಕಳು ನಿಂತಿದ್ದೇವೆ, ಎಲ್ಲರಿಗೂ ಒಂದೇ ಥಾನಿನ ಬಟ್ಟೆ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

8:05ಕ್ಕೆ ಸುಧಕ್ಕ ಟೈಪಿಂಗ್ ಅಂತ ತೋರಿಸಿತು. ಅಲ್ಲಿ ಆಗ ಹತ್ತೂವರೆ ದಾಟಿರುತ್ತೆ. ಸುಧಕ್ಕ ಸಿಂಗಾಪುರದಲ್ಲಿ 13 ವರ್ಷದಿಂದ ಇದ್ದಾಳೆ. ಗುಂಪಿನಲ್ಲಿ ಹಬ್ಬಕ್ಕೆ ಬಿಟ್ಟರೆ ಮಾತಾಡಲ್ಲ. ಟೈಪಿಂಗ್ ಬಂತು, ಹೋಯ್ತು, ಮತ್ತೆ ಬಂತು. ನಾನು ಕಾಫಿ ಲೋಟ ಕೆಳಗಿಟ್ಟೆ.

ಮೊದಲು ಬಂದಿದ್ದು ಒಂದು ಫೋಟೊ. ಮಗಳ ಕೋಣೆಯ ಕಿಟಕಿ. ಜಾರುವ ಗಾಜಿನ ಸಂದಿಗೆ ಒದ್ದೆ ಟವೆಲ್ ಸುತ್ತಿ ತುರುಕಿದ್ದಾಳೆ. ಟವೆಲ್ ನೋಡಿದ ತಕ್ಷಣ ಗುರುತು ಹತ್ತಿತು. ಸೀನಣ್ಣನ ಗೃಹಪ್ರವೇಶದಲ್ಲಿ ಕೊಟ್ಟಿದ್ದು.

“ಯಾರೂ ದೂರು ಹೇಳಲ್ಲ ಅಂದಿರಲ್ಲ ದೊಡ್ಡಪ್ಪ, ಇದು ನೋಡಿ. ಕೆಳಗಿನ ಮನೆಯವರು ರಾತ್ರಿ ಹನ್ನೊಂದರಿಂದ ಕಿಟಕಿಗೆ ಬಂದು ಸಿಗರೇಟ್ ಸೇದ್ತಾರೆ. ಹೊಗೆ ನೇರ ಮೇಲೆ. ಇವಳಿಗೆ ವೀಸಿಂಗ್. ವರಾಂಡ, ಮೆಟ್ಟಿಲು, ಕಟ್ಟಡದ ಕೆಳಗಿನ ಜಾಗ, ಎಲ್ಲೂ ಸೇದಬಾರದು ಅಂತ 2013ರಲ್ಲೇ ಕಾನೂನು ಬಂತು. ಅದಕ್ಕೇ ಎಲ್ಲರೂ ಮನೆ ಒಳಗೆ ನಿಂತು ಹೊರಗೆ ಬಿಡ್ತಾರೆ! ಮನೆ ಒಳಗೆ ಕಾನೂನು ಬರಲ್ಲ. ಲೂಯಿಸ್ ಎಂಗ್ ಅಂತ ಒಬ್ಬ ಎಂಪಿ 2020ರಲ್ಲಿ ಸಂಸತ್ತಿನಲ್ಲಿ ಕೇಳಿದರು, ಕಿಟಕಿ, ಬಾಲ್ಕನಿ ಹತ್ರ ಸೇದೋದನ್ನೂ ನಿಷೇಧಿಸಿ ಅಂತ. ಜನರ ಮನೆಯೊಳಗೆ ಇಣುಕಿದ ಹಾಗಾಗುತ್ತೆ ಅಂತ ಸರ್ಕಾರ ಒಪ್ಪಲಿಲ್ಲ. ನಾನು ನಾಲ್ಕು ಸಲ ದೂರು ಕೊಟ್ಟೆ. ಐದನೇ ವಾರ ಲಿಫ್ಟ್‌ನಲ್ಲಿ ಒಂದು ಪೋಸ್ಟರ್ ಅಂಟಿಸಿದರು, ನೆರೆಹೊರೆಯವರ ಬಗ್ಗೆ ಕಾಳಜಿ ಇರಲಿ ಅಂತ. ನಗುವ ಬೊಂಬೆ ಚಿತ್ರ ಬೇರೆ.”

ಅದರ ಬೆನ್ನಿಗೆ ಇನ್ನೊಂದು.

“ವೇಪ್, ಅಂದರೆ ಬ್ಯಾಟರಿ ಸಿಗರೇಟ್ ಆದರೆ ಹಾಗಲ್ಲ. 2018ರಿಂದಲೇ ಇಟ್ಟುಕೊಳ್ಳೋದೂ ತಪ್ಪು. 2025ರ ಸೆಪ್ಟೆಂಬರ್ 1ರಿಂದ ಮೊದಲ ಸಲ ಸಿಕ್ಕರೇ 700 ಡಾಲರ್. ಫುಡ್ ಕೋರ್ಟಿನಲ್ಲಿ ಊಟದ ತಟ್ಟೆ ಎತ್ತಿಡದೆ ಹೋದರೆ ಮೊದಲು ಲಿಖಿತ ಎಚ್ಚರಿಕೆ, ಎರಡನೇ ಸಲ 300 ಡಾಲರ್. ತಟ್ಟೆ ಕಾಣುತ್ತೆ, ಹೊಗೆ ಕಾಣಲ್ಲ, ಅಲ್ವಾ? ಇಲ್ಲಿಯ ಜನ ಇದನ್ನು ದಿನಾ ಬೈತಾರೆ. ರಸ್ತೆಗೆ ಬಂದು ಬೈಯಲ್ಲ ಅಷ್ಟೇ. ಒಬ್ಬಳೇ ಬೋರ್ಡ್ ಹಿಡಿದು ನಿಂತರೂ ಪೊಲೀಸ್ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಕೂಗೋಕೆ ಹಾಂಗ್ ಲಿಮ್ ಪಾರ್ಕ್ ಅಂತ ಒಂದೇ ಜಾಗ ಇದೆ. ಅದಕ್ಕೂ ಮೊದಲೇ ಹೆಸರು ನೋಂದಾಯಿಸಬೇಕು.”

ನನಗೆ ಇದು ಚೆನ್ನಾಗಿ ಮಾತಾಡಬಹುದಾದ ವಿಷಯ ಅನಿಸಿತು. ಆ ಇಡೀ ದೇಶ ಸುಮಾರು ನಮ್ಮ ಬೆಂಗಳೂರು ನಗರದಷ್ಟು ಅಗಲ. ಹೆಚ್ಚು ಕಡಿಮೆ ಹತ್ತರಲ್ಲಿ ಎಂಟು ಜನ ಸರ್ಕಾರ ಕಟ್ಟಿಸಿದ ಬಹುಮಹಡಿ ಮನೆಗಳಲ್ಲಿ ಇರುತ್ತಾರೆ. ಒಬ್ಬರ ಉಸಿರು ಇನ್ನೊಬ್ಬರ ಮನೆಗೆ ಹೋಗೋ ಊರು. ಅಂಥ ಕಡೆ ಕಾನೂನು ಎಲ್ಲಿ ನಿಲ್ಲಬೇಕು, ಬಾಗಿಲಲ್ಲಾ, ಕಿಟಕಿಯಲ್ಲಾ? ಹೀಗೆ ಏನೋ ಬರೆಯೋಣ ಅಂತ ಶುರು ಮಾಡಿದೆ. ಎರಡು ಸಾಲು ಆಗೋದರೊಳಗೆ ದೊಡ್ಡಪ್ಪ ಬಂದರು.

“ಅಷ್ಟು ಕಷ್ಟ ಆಗಿದ್ದರೆ ವಾಪಸ್ ಬಾ. ಯಾರು ಬೇಡ ಅಂದರು? 13 ವರ್ಷ ಇದ್ದೂ ಒಂದು ಕಾರು ತಗೊಳ್ಳಲಿಲ್ಲ. 2019ರಲ್ಲಿ ಬಂದಾಗ 22 ದಿನ ನನ್ನನ್ನು ಬಸ್ಸಿನಲ್ಲೇ ಓಡಾಡಿಸಿದಿರಿ.”

ಕಾರಿನ ಮಾತು ಹೊಸದಲ್ಲ. 2019ರಿಂದ ಪ್ರತಿ ಮದುವೆಯಲ್ಲೂ ಪಂಕ್ತಿಯಲ್ಲಿ ಪಾಯಸಕ್ಕೆ ಮೊದಲು ಬರುತ್ತೆ.

ಸುಧಕ್ಕ: “ಇಲ್ಲಿ ಕಾರು ಕೊಳ್ಳೋ ಮೊದಲು ಕಾರು ಇಟ್ಟುಕೊಳ್ಳೋ ಹಕ್ಕು ಕೊಳ್ಳಬೇಕು ದೊಡ್ಡಪ್ಪ. 1990ರಿಂದ ಹಾಗೇ. ಹರಾಜು ಕೂಗ್ತಾರೆ. ಹತ್ತು ವರ್ಷಕ್ಕೆ ಮಾತ್ರ. 2023ರಲ್ಲಿ ಸಣ್ಣ ಕಾರಿಗೇ ಆ ಹಕ್ಕಿನ ಚೀಟಿ ಒಂದು ಲಕ್ಷ ಡಾಲರ್ ದಾಟಿತು. ಚೀಟಿಗೆ ಮಾತ್ರ, ಕಾರು ಬೇರೆ. ಇನ್ನು ಬಸ್ಸಿನ ವಿಷಯ. ಅವತ್ತು ಏರ್‌ಪೋರ್ಟಿನಲ್ಲಿ ನಿಮ್ಮ ಚೀಲದಿಂದ ಹೊಗೆಸೊಪ್ಪು ತೆಗೆದು ಕಸದ ಡಬ್ಬಿಗೆ ಹಾಕಿ ಅಂತ ಇವರು ಗೋಗರೆದಿದ್ದು ಯಾಕೆ ಅಂತಲೂ ಹೇಳಿ. ಅದನ್ನು ತರೋದು ಇಲ್ಲಿ ಅಪರಾಧ. ಆಗ ನಿಮಗೆ ಕಾನೂನಿನ ಮೇಲೆ ಇಷ್ಟು ಪ್ರೀತಿ ಇರಲಿಲ್ಲ.”

ಗುಂಪು ತಣ್ಣಗಾಯಿತು. ಹೊಗೆಸೊಪ್ಪಿನ ಕಥೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಚೀಲ ಏರ್‌ಲೈನಿನವರು ಕಳೆದರು ಅಂತ ದೊಡ್ಡಪ್ಪ ಹೇಳಿದ್ದರು.

ದಂಡದ ವಿಷಯಕ್ಕೆ ಬಂದರೆ ದೊಡ್ಡಪ್ಪ ಹಾಗೇ. ಹೋದ ವರ್ಷ ಹೆಲ್ಮೆಟ್ ಇಲ್ಲ ಅಂತ 500 ರೂಪಾಯಿ ಬರೆದಾಗ ರಸ್ತೆ ಪಕ್ಕ ನಿಂತು ಮೂರು ಜನಕ್ಕೆ ಫೋನ್ ಮಾಡಿದ್ದರು, ಯಾರಾದರೂ ಹೇಳಿ ಬಿಡಿಸಿ ಅಂತ. ಮೂರನೆಯವನು ನಾನು. ನಮ್ಮ ರಾಜ್ಯದಲ್ಲೂ 2025ರಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಿದರೆ, ಹೊಗೆಸೊಪ್ಪು ಉಗುಳಿದರೆ ದಂಡ 1000ಕ್ಕೆ ಏರಿದೆ. ಅದನ್ನು ಅವರು ಯಾವತ್ತೂ ಫಾರ್ವರ್ಡ್ ಮಾಡಿಲ್ಲ.

8:41. ದೊಡ್ಡಪ್ಪ: “ಹೊಗೆಸೊಪ್ಪು ಬಿಡು. ಅಜ್ಜಿ ಹೋದಾಗ ಬರದೆ ಇದ್ದವಳು ನನಗೆ ಬುದ್ಧಿ ಹೇಳಬೇಡ.”

ಇದು ಬರುತ್ತೆ ಅಂತ ನನಗೆ ಕಾರಿನ ಮಾತು ಎತ್ತಿದಾಗಲೇ ಗೊತ್ತಿತ್ತು.

ಸುಧಕ್ಕ ಈ ಸಲ ಬೇಗ ಬರೆದಳು. ಅಕ್ಷರ ತಪ್ಪು ಬೇಕಾದಷ್ಟಿತ್ತು, ನಾನು ಸರಿ ಮಾಡಿ ಹಾಕುತ್ತಿದ್ದೇನೆ.

“2021ರ ಮೇ, ಕೋವಿಡ್ ಕಾಲ. ಏಪ್ರಿಲ್ 23ರ ರಾತ್ರಿಯಿಂದ ಇಂಡಿಯಾದಿಂದ ಬರೋ ಪಾಸ್‌ನವರಿಗೆ, ಅಂದರೆ ಇಲ್ಲಿರೋಕೆ ಪರವಾನಗಿ ಪಡೆದ ವಿದೇಶದವರಿಗೆ, ಬಾಗಿಲು ಹಾಕಿದ್ದರು. ಆಗ ನಂದು ವರ್ಕ್ ಪಾಸ್. ನಾನು ಬರಬಹುದಿತ್ತು. ವಾಪಸ್ ಹೋಗೋಕೆ ಬಿಡ್ತಿರಲಿಲ್ಲ. ಬಾಗಿಲು ತೆಗೆದಿದ್ದು ಅಕ್ಟೋಬರ್ ಕೊನೆಗೆ. ಇವಳಿಗೆ ಆಗ ಮೂರು ವರ್ಷ. ಇವಳನ್ನು ಇಲ್ಲಿ ಬಿಟ್ಟು ಬರಬೇಕಿತ್ತಾ? ಕಾನೂನು ಅಂದರೆ ಕಾನೂನು ಅಂತ ಬೆಳಿಗ್ಗೆ ನೀವೇ ಕಳಿಸಿದ್ದೀರಲ್ಲ. ಡಾಲರ್ ಮುಖ ನೋಡಿಕೊಂಡು ಕೂತಳು ಅಂತ ವೈಕುಂಠ ಸಮಾರಾಧನೆ ದಿನ ಎಲ್ಲರ ಎದುರು ಹೇಳಿದಿರಂತೆ. ನನಗೆ ಎಲ್ಲ ಗೊತ್ತು.”

ಇಲ್ಲಿ ಯಾರಾದರೂ ಒಂದು ಒಳ್ಳೆಯ ಮಾತು ಹೇಳಬಹುದಿತ್ತು. ನಾನೂ ಹೇಳಲಿಲ್ಲ. ಅವತ್ತು ಬಾಳೆ ಎಲೆ ಮುಂದೆ ದೊಡ್ಡಪ್ಪನ ಪಕ್ಕ ಕೂತವನು ನಾನೇ. ಆ ಮಾತಿಗೆ ಹೂಂ ಅಂದಿದ್ದೆ.

ದೊಡ್ಡಪ್ಪ ಕೇಳಿದ್ದು ಒಂದೇ: “ಯಾರು ಹೇಳಿದ್ದು ನಿನಗೆ?”

ಮುಂದಿನ ಮುಕ್ಕಾಲು ಗಂಟೆ ಗುಂಪು ಅದರ ಮೇಲೇ ನಡೆಯಿತು. ಗಮ್ ಇಲ್ಲ, ಹೊಗೆ ಇಲ್ಲ, ಸಿಂಗಾಪುರ ಇಲ್ಲ. ಅವತ್ತು ಸಮಾರಾಧನೆಗೆ ಇದ್ದವರು ಬರೀ ಹನ್ನೆರಡು ಜನ, ಲಾಕ್‌ಡೌನ್ ಕಾಲ. ಸೀನಣ್ಣ ತಾನು ದಾವಣಗೆರೆಯಿಂದ ಬಂದೇ ಇರಲಿಲ್ಲ ಅಂದ. ಚಿಕ್ಕಮ್ಮ ತಾನು ಒಳಗೆ ವಡೆ ಕರಿಯುತ್ತಿದ್ದೆ, ಏನೂ ಕೇಳಿಸಲಿಲ್ಲ ಅಂದರು. ಪ್ರಶಾಂತ ಎಲ್ಲರ ಹೆಸರಿನ ಪಟ್ಟಿ ಮಾಡಿ, ಒಂದೊಂದೇ ಹೊಡೆದು ಹಾಕಿ, ಕೊನೆಗೆ ಉಳಿದ ಹೆಸರು ನೋಡಿ ತಾನೇ ಗಾಬರಿಯಾಗಿ ಮೆಸೇಜ್ ಅಳಿಸಿದ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಅವನ ಅಮ್ಮ.

9:28ಕ್ಕೆ ಅತ್ತೆ ಗುಂಪು ಬಿಟ್ಟರು. 9:32ಕ್ಕೆ ನಾನು ಮತ್ತೆ ಸೇರಿಸಿದೆ. 9:33ಕ್ಕೆ ಅತ್ತೆ, “ನನ್ನನ್ನು ಯಾಕೆ ಸೇರಿಸಿದೆ?” ಅಂದರು. ನಾಲ್ಕು ನಿಮಿಷ ತಡ ಮಾಡಿದ್ದಕ್ಕೆ ಸಿಟ್ಟು ಅಂತ ನನಗೆ ಅನಿಸಿತು.

ಸುಧಕ್ಕ ಮತ್ತೆ ಬರೆಯಲಿಲ್ಲ. ಮಧ್ಯಾಹ್ನ ನಾನು ಬೇರೆಯಾಗಿ ಅವಳಿಗೆ ಫೋನ್ ಮಾಡಿ, ಪಾಪು ಹೇಗಿದ್ದಾಳೆ ಕೇಳಿದೆ. “ಪರವಾಗಿಲ್ಲ, ಟವೆಲ್ ಒಣಗಿದರೆ ಮತ್ತೆ ಒದ್ದೆ ಮಾಡ್ತಾ ಇರ್ತೀನಿ” ಅಂದಳು. ಹೂಂ ಅಂದ ವಿಷಯ ಬಾಯಿಗೆ ಬಂತು, ಹೇಳಲಿಲ್ಲ.

ಸಂಜೆ ಐದಕ್ಕೆ ದೊಡ್ಡಪ್ಪ ನನಗೆ ಮಾತ್ರ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಒಂಬತ್ತು ಸೆಕೆಂಡ್. “ಆ ಮಗೂಗೆ ರಾತ್ರಿ ದೊಡ್ಡಪತ್ರೆ ರಸ ಕೊಡೋಕೆ ಹೇಳು. ನಾನು ಹೇಳಿದೆ ಅಂತ ಹೇಳಬೇಡ.” ಹಿಂದೆ ಟಿವಿಯ ಸದ್ದು.

ಗುಂಪಿನಲ್ಲಿ ರಾತ್ರಿವರೆಗೂ ಯಾರೂ ಇಣುಕಲಿಲ್ಲ. 9:50ಕ್ಕೆ ಟಿಣ್ ಅಂತು. ಸುಧಕ್ಕನ ಗಂಡ, ಭಾವ. ಅವರು ನಮ್ಮ ಗುಂಪನ್ನು ಮ್ಯೂಟ್ ಮಾಡಿಟ್ಟು ಎಷ್ಟೋ ಕಾಲವಾಗಿದೆ, ತಿಂಗಳಿಗೊಮ್ಮೆ ಏನಾದರೂ ಹಾಕಿ ಹೋಗುತ್ತಾರೆ. ಒಂದು ಫಾರ್ವರ್ಡ್, ಮೇಲೆ ಎರಡು ಬಾಣದ ಗುರುತು.

“ಸಿಂಗಾಪುರದಲ್ಲಿ ಬಬಲ್ ಗಮ್ ಅಗಿದರೆ ಜೈಲು!”

ಕೆಳಗೆ ಭಾವ ಹಲ್ಲು ಕಿಸಿಯುವ ಮುಖ ಒಂದನ್ನು ಹಾಕಿದ್ದರು. ಮೊದಲು ಹೆಬ್ಬೆಟ್ಟು ಒತ್ತಿದ್ದು ದೊಡ್ಡಪ್ಪ.