ಚಾರ್ಟ್‌ನಲ್ಲಿ ಬರೀ 'ನೇಸಲ್ ಪಾಲಿಪ್ಸ್' ಅಂತ ಇದ್ದರೆ ಯಾವ ಕೋಡ್? ಜೆ33.9 ಹಾಕಿ ಬಿಟ್ಟರೆ ಸಾಕಾ?

ಮೈಸೂರು_ಕೋಡರ್

ಎಲ್ಲರಿಗೂ ನಮಸ್ಕಾರ. ಅಮೆರಿಕದ ಇಎನ್‌ಟಿ ಕ್ಲಿನಿಕ್‌ಗಳ ಔಟ್‌ಪೇಷಂಟ್ ಚಾರ್ಟ್ ಕೋಡ್ ಮಾಡುವ, ಅಂದರೆ ಡಾಕ್ಟರ್ ಬರೆದ ರೋಗಕ್ಕೆ ಐಸಿಡಿ-10-ಸಿಎಂ ಪಟ್ಟಿಯ ಕೋಡ್ ಹಾಕುವ ಕೆಲಸ ನನ್ನದು. ಮೂಗಿನ ಪಾಲಿಪ್ (ಒಳಪೊರೆಯಿಂದ ಬೆಳೆಯುವ ಮೆತ್ತನೆಯ ಗಂಟು) ಚಾರ್ಟ್ ಬಂತು ಅಂದರೆ ನಮ್ಮ ಟೀಮ್‌ನಲ್ಲಿ ವಾದ ಶುರು.

ಇವತ್ತಿನದು ಹೀಗಿದೆ. ಅಸೆಸ್‌ಮೆಂಟ್‌ನಲ್ಲಿ ಡಾಕ್ಟರ್ ಬರೆದಿರುವುದು 'ನೇಸಲ್ ಪಾಲಿಪ್ಸ್', ಅಷ್ಟೇ. ಎಂಡೋಸ್ಕೋಪಿ ಭಾಗದಲ್ಲಿ ಮಾತ್ರ ಎರಡೂ ಕಡೆ ಮಿಡಲ್ ಮೀಟಸ್‌ನಿಂದ (ಮೂಗಿನ ಪಕ್ಕದ ಗೋಡೆಯಲ್ಲಿ ಸೈನಸ್‌ಗಳು ತೆರೆದುಕೊಳ್ಳುವ ಸಂದು) ಪಾಲಿಪ್ ಇಳಿದು ಮೂಗಿನೊಳಗೆ ತುಂಬಿಕೊಂಡಿದೆ ಎಂದು ಚೆನ್ನಾಗಿ ವಿವರಿಸಿದ್ದಾರೆ. ಸಿಟಿ ರಿಪೋರ್ಟ್‌ನಲ್ಲಿ ಎತ್ಮಾಯ್ಡ್ (ಕಣ್ಣುಗಳ ನಡುವಿನ), ಮ್ಯಾಕ್ಸಿಲರಿ (ಕೆನ್ನೆಯ) ಸೈನಸ್‌ಗಳಲ್ಲಿ 'ಪಾಲಿಪಾಯ್ಡ್ ಮ್ಯುಕೋಸಲ್ ಥಿಕನಿಂಗ್' ಅಂತ ಇದೆ. ಒಬ್ಬರು ಜೆ33.9 ಅನ್ನುತ್ತಾರೆ, ಇನ್ನೊಬ್ಬರು ಜೆ33.0, ಟೀಮ್ ಲೀಡ್ ಸಿಟಿ ತೋರಿಸಿ ಜೆ33.8 ಹಾಕು, ಜೊತೆಗೆ ಸೈನಸೈಟಿಸ್ ಕೋಡ್ ಕೂಡ ಸೇರಿಸು ಅನ್ನುತ್ತಾರೆ. ಯಾವುದು ಸರಿ? ಎಡ, ಬಲ ಅಂತ ತೋರಿಸುವ ಕೋಡ್ ಇದೆಯಾ?

ಆಡಿಟ್_ಮೇಡಂ

ನನ್ನ ಪ್ರಕಾರ ಜೆ33.0. ಯಾಕೆ ಅಂತ ಹೇಳುತ್ತೇನೆ.

ಪಾಲಿಪ್ ಇದೆ ಅಂತ ಹೇಳಬೇಕಾದವರು ಡಾಕ್ಟರ್, ಅವರು ಹೇಳಿದ್ದಾರೆ. ಎಲ್ಲಿದೆ ಅನ್ನುವುದನ್ನು ಅದೇ ಡಾಕ್ಟರ್, ಅದೇ ದಿನದ ನೋಟ್‌ನಲ್ಲಿ, ತಾವೇ ನೋಡಿ ಬರೆದಿದ್ದಾರೆ. ಮಿಡಲ್ ಮೀಟಸ್ ಮೂಗಿನ ಕುಹರದ ಭಾಗವೇ ಅಲ್ವಾ? ಜಾಗದ ವಿವರವನ್ನು ಅಲ್ಲಿಂದ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಕುಹರ, ಕೊಯಾನಾ (ಮೂಗಿನ ಹಿಂಬಾಗಿಲು), ನೇಸೋಫ್ಯಾರಿಂಕ್ಸ್ (ಮೂಗಿನ ಹಿಂದಿನ ಗಂಟಲು) ಮೂರಕ್ಕೂ ಜೆ33.0 ಬರುತ್ತದೆ. ಜೆ33.9 ಇರುವುದು ನೋಟ್ ಪೂರ್ತಿ ಓದಿದರೂ ಜಾಗ ಸಿಗದಿದ್ದಾಗ ಬಳಸಲು. ಓದದೆ ಹಾಕಲು ಅಲ್ಲ.

ಜೆ33.8 ಸೈನಸ್ ಒಳಗಿನ ಪಾಲಿಪ್‌ಗೆ. ನಿಮ್ಮ ಸಿಟಿಯಲ್ಲಿ ಇರುವುದು ಒಳಪೊರೆ ದಪ್ಪಗಾಗಿದೆ, ಪಾಲಿಪ್ ತರಹ ಕಾಣುತ್ತಿದೆ ಅನ್ನುವಷ್ಟು ಮಾತ್ರ. ಅದನ್ನು 'ಸೈನಸ್ ಪಾಲಿಪ್' ಅಂತ ಓದಿಕೊಂಡರೆ ರೋಗ ನಿರ್ಣಯ ಮಾಡಿದ್ದು ಕೋಡರ್ ಆಗುತ್ತಾರೆ. ಟೀಮ್ ಲೀಡ್ ಹೇಳಿದರೂ ಇದನ್ನು ಒಪ್ಪಬೇಡಿ. ಜೆ33.1 ಕೂಡ ಹಾಗೆಯೇ, ಪಾಲಿಪಾಯ್ಡ್ ಸೈನಸ್ ಡಿಜನರೇಶನ್ ಅಥವಾ ವೋಕ್ಸ್ ಸಿಂಡ್ರೋಮ್ ಅಂತ ಡಾಕ್ಟರೇ ಬರೆದಿದ್ದರೆ ಮಾತ್ರ. 'ಪಾಲಿಪಾಯ್ಡ್' ಅನ್ನುವ ಪದ ಕಂಡ ಕೂಡಲೇ ಅದನ್ನು ಹಾಕುವವರನ್ನು ನೋಡಿದ್ದೇನೆ.

ಸೈನಸೈಟಿಸ್ ಬಗ್ಗೆ: ಪಾಲಿಪ್ ಜೊತೆಗಿನ ಕ್ರಾನಿಕ್ ರೈನೋಸೈನಸೈಟಿಸ್‌ಗೆ (ಮೂಗು, ಸೈನಸ್‌ಗಳ ದೀರ್ಘಕಾಲದ ಉರಿಯೂತ) ಒಂದೇ ಕೋಡ್ ಅಂತ ಐಸಿಡಿ-10-ಸಿಎಂನಲ್ಲಿ ಇಲ್ಲ. ಜೆ32 ಗುಂಪಿನಿಂದ ಒಂದು, ಜೆ33 ಗುಂಪಿನಿಂದ ಒಂದು, ಎರಡೂ ಹಾಕಬೇಕು. ಎತ್ಮಾಯ್ಡ್ ಮತ್ತು ಮ್ಯಾಕ್ಸಿಲರಿ ಎರಡಕ್ಕೂ ಇದ್ದು ಪ್ಯಾನ್‌ಸೈನಸೈಟಿಸ್ ಅಲ್ಲದಿದ್ದರೆ ಜೆ32.8, ಎಲ್ಲ ಸೈನಸ್‌ಗಳಿಗೂ ಇದ್ದರೆ ಜೆ32.4. ಆದರೆ ನಿಮ್ಮ ಡಾಕ್ಟರ್ ಸೈನಸೈಟಿಸ್ ಅಂತ ಎಲ್ಲೂ ಬರೆದಿಲ್ಲವಲ್ಲ! ಹಾಗಾಗಿ ಈಗ ಹಾಕುವ ಹಾಗಿಲ್ಲ, ಡಾಕ್ಟರ್‌ಗೆ ಕ್ವೆರಿ (ಸ್ಪಷ್ಟನೆ ಕೇಳುವ ಬರಹ) ಕಳಿಸಿ. 'ಪ್ರಾಬಬಲ್', 'ರೂಲ್ ಔಟ್' ಅಂತ ಬರೆದಿದ್ದರೂ ಔಟ್‌ಪೇಷಂಟ್‌ನಲ್ಲಿ ಅದನ್ನು ಖಚಿತ ಅಂತ ಕೋಡ್ ಮಾಡುವಂತಿಲ್ಲ, ಲಕ್ಷಣಗಳನ್ನೇ ಹಾಕಬೇಕು: ಮೂಗು ಕಟ್ಟುವುದಕ್ಕೆ ಆರ್09.81, ವಾಸನೆ ಹೋಗಿದ್ದರೆ ಆರ್43.0.

ಎಡ, ಬಲಕ್ಕೆ ಜೆ33ರಲ್ಲಿ ಜಾಗವಿಲ್ಲ.

ಮೂಗಿನ_ಡಾಕ್ಟರ್

ನಾನು ಹುಬ್ಬಳ್ಳಿ ಕಡೆ ಇಎನ್‌ಟಿ ಪ್ರಾಕ್ಟೀಸ್ ಮಾಡುತ್ತೇನೆ. ಕೋಡ್ ನನ್ನ ಕೆಲಸವಲ್ಲ, ಆದರೆ ಕೋಡ್‌ನಲ್ಲಿ ಎಡ, ಬಲ ಇಲ್ಲ ಅಂತ ನೋಟ್‌ನಲ್ಲೂ ಬಿಟ್ಟುಬಿಡುವ ಡಾಕ್ಟರ್‌ಗಳನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಸಾಮಾನ್ಯ ಪಾಲಿಪ್ ಎರಡೂ ಕಡೆ ಬರುತ್ತದೆ. ದೊಡ್ಡವರಲ್ಲಿ ಒಂದೇ ಕಡೆ ಇದ್ದರೆ ಇನ್ವರ್ಟೆಡ್ ಪ್ಯಾಪಿಲೋಮಾ (ಮೂಗಿನ ಒಂದು ಬಗೆಯ ಗಡ್ಡೆ), ಕ್ಯಾನ್ಸರ್ ಇವೆಲ್ಲ ಇರಬಹುದಾ ಅಂತ ನೋಡಲೇಬೇಕು, ಬಯಾಪ್ಸಿ ಬೇಕಾಗಬಹುದು. ಚಿಕ್ಕ ಮಕ್ಕಳಲ್ಲಿ ಎರಡೂ ಕಡೆ ಕಂಡರೆ ಸಿಸ್ಟಿಕ್ ಫೈಬ್ರೋಸಿಸ್ (ಲೋಳೆ ಗಟ್ಟಿಯಾಗುವ ಆನುವಂಶಿಕ ಕಾಯಿಲೆ) ನೆನಪಾಗಬೇಕು. ಬರೀ 'ಪಾಲಿಪ್ಸ್' ಅಂತ ಬರೆದರೆ ಮುಂದೆ ನೋಡುವ ಡಾಕ್ಟರ್‌ಗೆ ಇದೊಂದೂ ಗೊತ್ತಾಗುವುದಿಲ್ಲ.

ನಾನು ಪ್ರತಿ ಕಡೆಗೆ 0ಯಿಂದ 4ರವರೆಗೆ ಗ್ರೇಡ್ ಬರೆಯುತ್ತೇನೆ. ಮಿಡಲ್ ಮೀಟಸ್ ಒಳಗೇ ಇದ್ದರೆ 1, ಪೂರ್ತಿ ಅಡ್ಡಗಟ್ಟಿದ್ದರೆ 4. ಆಮೇಲೆ ವಾಸನೆ ಹೇಗಿದೆ, ಅಸ್ತಮಾ ಇದೆಯಾ, ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಿದರೆ ಉಬ್ಬಸ ಬರುತ್ತದಾ ಅಂತ ಕೇಳಿ ಬರೆಯುತ್ತೇನೆ. ಪಾಲಿಪ್, ಅಸ್ತಮಾ, ಆಸ್ಪಿರಿನ್ ತೊಂದರೆ ಈ ಮೂರೂ ಸೇರಿದ ರೋಗಿಗಳಲ್ಲಿ ಪಾಲಿಪ್ ತೆಗೆದರೂ ಮತ್ತೆ ಬೆಳೆಯುವುದು ಜಾಸ್ತಿ. ಅಮೆರಿಕದಲ್ಲಿ 2019ರಲ್ಲಿ ಡುಪಿಲುಮ್ಯಾಬ್‌ಗೆ ಪಾಲಿಪ್ ಚಿಕಿತ್ಸೆಗಾಗಿ ಒಪ್ಪಿಗೆ ಸಿಕ್ಕಿದೆ. ಅಂಥ ದುಬಾರಿ ಇಂಜೆಕ್ಷನ್‌ಗೆ ಇನ್ಶೂರೆನ್ಸ್‌ನವರು ಹಿಂದೆ ಸ್ಟಿರಾಯ್ಡ್ ಕೊಟ್ಟಿದ್ರಾ, ಆಪರೇಷನ್ ಆಗಿದೆಯಾ ಅಂತ ನೋಟ್ ತೆಗೆದು ನೋಡುತ್ತಾರೆ. ಬರೆದಿಲ್ಲ ಅಂದರೆ ಕಷ್ಟ ಅನುಭವಿಸುವವರು ರೋಗಿ.

ಮೈಸೂರು_ಕೋಡರ್

ಮೇಡಂ, ಡಾಕ್ಟ್ರೇ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಕ್ವೆರಿಯಲ್ಲಿ 'ಇದು ಕ್ರಾನಿಕ್ ಸೈನಸೈಟಿಸ್ ಅಲ್ಲವೇ, ದಯವಿಟ್ಟು ಸೇರಿಸಿ' ಅಂತ ಬರೆಯಬಹುದಾ? ಮತ್ತೆ ಇದೇ ರೋಗಿಗೆ ಮುಂದಿನ ತಿಂಗಳು ಎಂಡೋಸ್ಕೋಪಿಕ್ ಸೈನಸ್ ಸರ್ಜರಿ ಇದೆ. ಪಾಲಿಪ್ ತೆಗೆದದ್ದಕ್ಕೆ ಬೇರೆ ಕೋಡ್ ಸಿಗುತ್ತದಾ?

ಸರ್ಜರಿ_ಕೋಡರ್_ಬೆಂಗಳೂರು

ಹಾಗೆ ಬರೆಯಲೇಬೇಡಿ, ಅದು ಉತ್ತರವನ್ನು ಅವರ ಬಾಯಿಗೆ ಇಟ್ಟ ಹಾಗೆ. ಚಾರ್ಟ್‌ನಲ್ಲಿ ಏನಿದೆಯೋ ಅಷ್ಟನ್ನು ಮುಂದಿಡಿ: 'ಸಿಟಿಯಲ್ಲಿ ಎತ್ಮಾಯ್ಡ್, ಮ್ಯಾಕ್ಸಿಲರಿ ಸೈನಸ್‌ಗಳ ಒಳಪೊರೆ ದಪ್ಪಗಿದೆ ಎಂದಿದೆ. ಇದಕ್ಕೆ ಸಂಬಂಧಿಸಿದ ರೋಗ ನಿರ್ಣಯ ಇದ್ದರೆ ದಯವಿಟ್ಟು ದಾಖಲಿಸಿ.' ಆಯ್ಕೆಗಳನ್ನು ಕೊಡುವುದಾದರೆ 'ಬೇರೆ', 'ಈಗ ಹೇಳಲಾಗದು' ಅನ್ನುವುದೂ ಇರಲಿ. ಎಷ್ಟು ದುಡ್ಡು ಬರುತ್ತದೆ ಅನ್ನುವ ಸುಳಿವು ಕೂಡ ಇರಬಾರದು.

ಸರ್ಜರಿಗೆ ಬಂದರೆ, ಎಂಡೋಸ್ಕೋಪ್ ಇಲ್ಲದೆ ಬರೀ ಪಾಲಿಪ್ ತೆಗೆದರೆ ಸಿಪಿಟಿ (ಚಿಕಿತ್ಸೆ, ಆಪರೇಷನ್‌ಗಳ ಕೋಡ್ ಪಟ್ಟಿ) ಕೋಡ್ 30110, ಜಾಸ್ತಿ ಹರಡಿದ್ದರೆ 30115. ಎಂಡೋಸ್ಕೋಪ್‌ನಿಂದ ಪಾಲಿಪ್ ಮಾತ್ರ ತೆಗೆದರೆ 31237. ಆದರೆ ಅದೇ ಕಡೆ ಪೂರ್ತಿ ಎತ್ಮಾಯ್ಡೆಕ್ಟಮಿ (ಎತ್ಮಾಯ್ಡ್ ಸೈನಸ್ ತೆಗೆಯುವ ಆಪರೇಷನ್) ಮಾಡಿ 31255 ಹಾಕಿದ ಮೇಲೆ ಪಾಲಿಪ್‌ಗೆ ಬೇರೆ ಬಿಲ್ ಇಲ್ಲ, ಸೈನಸ್‌ಗೆ ಹೋಗುವ ದಾರಿಯಲ್ಲಿ ಅದನ್ನು ತೆಗೆಯಲೇಬೇಕಲ್ಲ. ಇಲ್ಲಿ ಎಡ, ಬಲ ಲೆಕ್ಕಕ್ಕೆ ಬರುತ್ತದೆ. ಎರಡೂ ಕಡೆ ಮಾಡಿದ್ದರೆ ಅದನ್ನು ತಿಳಿಸಲು ಕೋಡ್ ಜೊತೆಗೆ ಮಾಡಿಫೈಯರ್ 50. ಯಾವ ಕಡೆ ಯಾವ ಸೈನಸ್ ತೆರೆದರು ಅಂತ ಆಪರೇಷನ್ ನೋಟ್‌ನ ಒಳಗಿನ ವಿವರಣೆ ಓದಿ, ಮೇಲಿನ ಹೆಡ್ಡಿಂಗ್ ನಂಬಿ ಕೋಡ್ ಮಾಡಬೇಡಿ. ಪ್ಯಾಥಾಲಜಿ ರಿಪೋರ್ಟ್ ಬರುವವರೆಗೂ ಚಾರ್ಟ್ ಹಿಡಿದಿಡಲು ಆದರೆ ಹಿಡಿದಿಡಿ. ಅಡಿನೋಮ್ಯಾಟಸ್ (ಗ್ರಂಥಿ ಅಂಗಾಂಶದ ಗಡ್ಡೆ) ಪಾಲಿಪ್ ಅಂತ ಬಂದರೆ ಜೆ33 ಪೂರ್ತಿ ಹೋಗಿ ಕ್ಯಾನ್ಸರ್ ಅಲ್ಲದ ಗಡ್ಡೆಯ ಕೋಡ್ ಡಿ14.0 ಆಗುತ್ತದೆ.

ಮೈಸೂರು_ಕೋಡರ್

ಸರಿ ಸರ್. ಇವತ್ತು ಜೆ33.0 ಹಾಕಿದ್ದೇನೆ. ನೀವು ಹೇಳಿದ ಮಾತಿನಲ್ಲೇ ಕ್ವೆರಿ ಕಳಿಸಿದ್ದೇನೆ, ಟೀಮ್ ಲೀಡ್‌ಗೂ ಕಾಪಿ ಹೋಗಿದೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.