ಪಿಕಪ್‌ಗೆ ಫುಲ್ ಡೀಟೇಲಿಂಗ್ ಮಾಡ್ಬೇಕು, ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಸಕಲೇಶಪುರದ ಹತ್ರ ತೋಟದ ಕೆಲಸಕ್ಕೆ ಓಡಾಡೋ ಇಸುಜು ವಿ-ಕ್ರಾಸ್ ನಮ್ದು, ಮಳೆ ನಿಂತ್ಮೇಲೆ ಮನೇಲೇ ಪೂರ್ತಿ ಡೀಟೇಲಿಂಗ್ (ಒಳಗೆ ಹೊರಗೆ ಆಳವಾಗಿ ಕ್ಲೀನ್ ಮಾಡಿ ಹೊಳಪು ಕೊಡೋದು) ಮಾಡೋ ಪ್ಲಾನ್ ಇದೆ. ಗಾಡಿ 17 ಅಡಿಗಿಂತ ಉದ್ದ, ಒಂದೇ ದಿನಕ್ಕಂತೂ ಮುಗಿಯಲ್ಲ, ಅದಕ್ಕೆ ಮೊದಲ್ನೇ ದಿನ ಅಡಿಭಾಗದ ಕೆಮ್ಮಣ್ಣು ತೆಗ್ದು ಫೋಮ್ ವಾಶ್, ಐರನ್ ರಿಮೂವರ್ (ಪೇಂಟಿಗೆ ಅಂಟಿದ ಕಬ್ಬಿಣದ ಕಣ ಕರಗಿಸೋ ಸ್ಪ್ರೇ), ಕ್ಲೇ ಬಾರ್ (ಉಳಿದ ಕೊಳೆ ಉಜ್ಜಿ ತೆಗೆಯೋ ಜೇಡಿಯಂಥ ಉಂಡೆ), ಮಾರನೇ ದಿನ ಪಾಲಿಶ್, ಕೊನೆಗೆ ಪೇಂಟ್ ಕಾಪಾಡೋ ಸೆರಾಮಿಕ್ ಕೋಟಿಂಗ್ ಅಂದ್ಕೊಂಡಿದೀನಿ. ಕಾಫಿ ರೆಂಬೆ ಉಜ್ಜಿ ಡೋರ್ ತುಂಬ ಸಣ್ಣ ಗೀರು, ಉಗುರಿಗೆ ಸಿಗಲ್ಲ, ಕಾಂಪೌಂಡ್ (ಪಾಲಿಶ್‌ಗಿಂತ ಒರಟಾದ ಪೇಸ್ಟ್) ಬೇಕಾ ಬರೀ ಪಾಲಿಶ್ ಸಾಕಾ?

ದೊಡ್ಡ ತಲೆನೋವು ಹಿಂದೆ ಸಾಮಾನು ಹಾಕೋ ಬೆಡ್. ಅದರೊಳಗೆ ಹಾಸಿರೋ ಲೈನರ್ ಎತ್ತಿ ನೋಡಿದ್ರೆ ಕೆಳಗೆ ಗೊಬ್ಬರದ ಪುಡಿ ನೀರು ಕುಡ್ದು ಗಟ್ಟಿಯಾಗಿ ಅಂಟ್ಕೊಂಡಿದೆ, ಬೋಲ್ಟ್ ಸುತ್ತ ತುಕ್ಕೂ ಶುರುವಾಗಿದೆ. ಉಜ್ಜಿ ಪ್ರೈಮರ್ ಹಚ್ಚಿ ಅದೇ ಲೈನರ್ ಕೂರಿಸ್ಲಾ ಇಲ್ಲ ಸ್ಪ್ರೇ ಲೈನರ್ (ಬೆಡ್‌ಗೇ ಅಂಟೋ ಹಾಗೆ ಸಿಂಪಡಿಸೋ ಲೇಪನ) ಮಾಡಿಸ್ಲಾ? ತೋಟದಲ್ಲಿ ಪಿಕಪ್ ಓಡಿಸೋರು ದಯವಿಟ್ಟು ಹೇಳಿ, ಹಾಸನದಲ್ಲಿ ಚೆನ್ನಾಗಿ ಮಾಡೋರಿದ್ರೂ ತಿಳಿಸಿ.