ಮೂಕಿ ಕಾಲದ ಕಾಡಿನ ಚಿತ್ರ: ಆನೆ ಓಡಿದರೆ ಆಟಿಕೆ ಥರ ಕಾಣ್ತದೆ, ವೇಗ ಎಷ್ಟಿಡಬೇಕು?

ಬಿಡಕಿಬೈಲ್: ಶಿರಸಿಯ ಒಂದು ಶಾಲೆಯ ಹಾಲ್‌ನಲ್ಲಿ ಹಿಮನಾಡಿನ ಬೇಟೆಗಾರರ ‘ನನೂಕ್ ಆಫ್ ದ ನಾರ್ತ್’ (1922), ಸಯಾಮಿನ ಕಾಡಿನ ‘ಚಾಂಗ್’ (1927) ಎರಡೂ ಮೂಕಿ ಚಿತ್ರಗಳನ್ನು ತೋರಿಸುವ ಏರ್ಪಾಡು ನಡೀತಾ ಇದೆ. ಹಿನ್ನೆಲೆಗೆ ಚಂಡೆ-ಮದ್ದಳೆ. ಸಿಕ್ಕ ಫೈಲುಗಳಲ್ಲಿ ಮನುಷ್ಯರು, ಪ್ರಾಣಿಗಳು ಎಲ್ಲ ದಡಬಡ ಓಡ್ತಾರೆ. ಎರಡನ್ನೂ ಸೆಕೆಂಡಿಗೆ 16 ಫ್ರೇಮಿಗೆ (ಬಿಡಿ ಚಿತ್ರಕ್ಕೆ) ಇಳಿಸಿದರೆ ಸರಿಯಾಗ್ತದಾ?

ಕೋಡಿಬಾಗ: ಎರಡಕ್ಕೂ ಒಂದೇ ಅಳತೆ ಹಾಕಬೇಡಿ. ಕೈಯಲ್ಲಿ ತಿರುಗಿಸುವ ಕ್ಯಾಮೆರಾದಲ್ಲಿ ಹಿಡಿಕೆಯ ಒಂದು ಸುತ್ತಿಗೆ 8 ಫ್ರೇಮು, ಸೆಕೆಂಡಿಗೆ ಎರಡು ಸುತ್ತಾದರೆ 16. ಅದು ಪುಸ್ತಕದ ಲೆಕ್ಕ. 1920ರ ದಶಕ ಮುಗಿಯುತ್ತ ಬಂದಾಗ ಥಿಯೇಟರುಗಳಲ್ಲಿ ವೇಗ 24ರ ಹತ್ತಿರ ಹೋಗಿತ್ತು. ‘ನನೂಕ್’ಗೆ 16ರಿಂದ 18 ನೋಡಿ. ‘ಚಾಂಗ್’ ಅನ್ನು 20ಕ್ಕಿಂತ ಕೆಳಗಿಳಿಸಿದರೆ ಆನೆಗಳು ನೀರಿನೊಳಗೆ ನಡೆದ ಹಾಗೆ ಕಾಣ್ತವೆ.

ವೇಗ ಗೊತ್ತುಮಾಡಲು ಪ್ರಾಣಿಯ ಓಟ ನಂಬಬೇಡಿ. ಓಟದ ದೃಶ್ಯವನ್ನು ಬೇಕಂತಲೇ ನಿಧಾನ ತಿರುಗಿಸಿ ತೆಗೆಯೋದು ಆಗ ರೂಢಿ, ತೆರೆಯ ಮೇಲೆ ಅದು ರಭಸವಾಗಿ ಕಾಣ್ತಿತ್ತು. ಸುಮ್ಮನೆ ನಡೆಯುವ ಮನುಷ್ಯ, ಬೀಳುವ ನೀರು, ಏಳುವ ಹೊಗೆ ನೋಡಿ. ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯುವ ಚೌಕ ಆವರಣದ ( [ ) ಕೀಲಿ ಒತ್ತುತ್ತ 0.9, 0.8 ಅಂತ ಇಳಿಸಿ. ನಡಿಗೆ ಸಹಜವಾದಲ್ಲಿ ನಿಲ್ಲಿಸಿ. 24ರ ಫೈಲನ್ನು 18ಕ್ಕೆ ತಂದರೆ ವೇಗ ಶೇ. 75, 60 ನಿಮಿಷದ್ದು 80 ಆಗ್ತದೆ.

ಇಳಿಸೋ ಮೊದಲು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಪ್ರತಿ ಮೂರು ಫ್ರೇಮಿಗೆ ಒಂದು ಎರಡು ಸಲ ಬರ್ತಿದ್ದರೆ ಆ ಫೈಲನ್ನು ಯಾರೋ ಆಗಲೇ 18ರಿಂದ 24ಕ್ಕೆ ಹಿಗ್ಗಿಸಿದ್ದಾರೆ, ನೀವು ಮತ್ತೆ ಇಳಿಸಬಾರದು. ಕ್ಯಾಮೆರಾ ಪಕ್ಕಕ್ಕೆ ತಿರುಗುವ ಶಾಟ್‌ನಲ್ಲಿ ಕುಲುಕಾಟ ಕಂಡರೆ ಹೆಚ್ಚಾಗಿ ಇದೇ ಕಾರಣ.

ಇನ್ನೊಂದು. ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಗೊತ್ತಾಗ್ತಿರಲಿಲ್ಲ, ಅದು ಕಪ್ಪಾಗಿ ಕಾಣ್ತದೆ, ನೀಲಿ ಆಕಾಶ ಬೆಳ್ಳಗೆ ಬಡಿಯುತ್ತದೆ. ಪ್ರೊಜೆಕ್ಟರಿನ ಬ್ರೈಟ್‌ನೆಸ್ ಏರಿಸಿ ಸರಿಮಾಡಲು ಹೋದರೆ ‘ನನೂಕ್’ನ ಹಿಮದಲ್ಲಿ ಏನೂ ಉಳಿಯೋದಿಲ್ಲ.

ಗುಣವಂತೆ: ವೇಗ ಗಟ್ಟಿ ಮಾಡಿಕೊಂಡ ಮೇಲೇ ಹಿಮ್ಮೇಳದವರನ್ನು ಕೂರಿಸಿ ಮಾರಾಯ್ರೆ. ಆಮೇಲೆ ಬದಲಿಸಿದರೆ ಎತ್ತುಗಡೆ, ಮುಕ್ತಾಯ ಎಲ್ಲ ತಪ್ತದೆ. ಚಂಡೆಯನ್ನು ಆನೆ ಹಿಂಡು ಊರಿಗೆ ನುಗ್ಗುವಾಗಿನ ಬಿಡ್ತಿಗೆಗೆ (ಬರೀ ವಾದ್ಯದ ನುಡಿತಕ್ಕೆ) ಇಟ್ಟುಕೊಳ್ಳಿ, ಉಳಿದಲ್ಲಿ ಮದ್ದಳೆ ಸಾಕು. ಸಣ್ಣ ಹಾಲ್‌ನಲ್ಲಿ ಒಂದೂವರೆ ತಾಸು ಚಂಡೆ ಕೇಳಿದವರಿಗೆ ತಲೆನೋವು ಖಂಡಿತ. ಹುಲಿ ಕಾಣುವಾಗ ಏನೂ ನುಡಿಸದಿದ್ದರೂ ಆದೀತು. ಹಿಮ್ಮೇಳ ಪರದೆಯ ಪಕ್ಕಕ್ಕಿರಲಿ. ಅವರ ದೀಪದ ಬೆಳಕು ಪರದೆಗೆ ಬೀಳದ ಹಾಗೆ ರಟ್ಟು ಅಡ್ಡ ಇಡಿ.

ಚಿತ್ರದ ನಡುನಡುವೆ ಬರುವ ಶೀರ್ಷಿಕೆ ಫಲಕಗಳನ್ನು ಕನ್ನಡದಲ್ಲಿ ಓದಿ ಹೇಳುವವರೊಬ್ಬರು ಬೇಕು. ತಾಳಮದ್ದಳೆಯ ಅರ್ಥಧಾರಿ ಸಿಕ್ಕರೆ ಒಳ್ಳೇದು, ಆದರೆ ಅರ್ಥ ಹಿಗ್ಗಿಸದವರು! ಫಲಕ 6 ಸೆಕೆಂಡ್ ಇದ್ದರೆ ಮಾತು ಹತ್ತು-ಹನ್ನೆರಡು ಶಬ್ದದಲ್ಲಿ ಮುಗೀಬೇಕು.

ಕೋಡಿಬಾಗ: ಆನೆ ದೃಶ್ಯ ಅಂದಾಗ ನೆನಪಾಯ್ತು. ನ್ಯೂಯಾರ್ಕಿನಲ್ಲಿ ‘ಚಾಂಗ್’ ತೋರಿಸಿದಾಗ ಆ ಭಾಗಕ್ಕೆ ಮ್ಯಾಗ್ನಾಸ್ಕೋಪ್ ಲೆನ್ಸ್ ಹಾಕಿ ಚಿತ್ರವನ್ನೇ ದೊಡ್ಡದು ಮಾಡಿದ್ದರು. ಪ್ರೊಜೆಕ್ಟರಿನಲ್ಲಿ 1.2 ಪಟ್ಟು ಝೂಮ್ ಇದ್ದರೆ ನೀವೂ ಮಾಡಬಹುದು. ಮೊದಲಿಂದ ಸಣ್ಣದಾಗಿಟ್ಟು ಅಲ್ಲಿ ಹಿಗ್ಗಿಸಿ. ಬೆಳಕು ಸುಮಾರು ಶೇ. 70ಕ್ಕೆ ಇಳಿಯುತ್ತದೆ, ಫೋಕಸ್ಸೂ ಜಾರುತ್ತದೆ. ಝೂಮ್, ಫೋಕಸ್ ಉಂಗುರಗಳ ಎರಡೂ ಜಾಗಕ್ಕೆ ಟೇಪ್ ಗುರುತು ಹಾಕಿಡಿ.

ಬಿಡಕಿಬೈಲ್: ಇದು ಸಿಕ್ಕಾಪಟ್ಟೆ ಉಪಯೋಗ ಆಯ್ತು. ಹಕ್ಕಿನ ತಕರಾರು ಬರ್ತದಾ? ಶಾಲೆ ಮಕ್ಕಳೂ ಇರ್ತಾರೆ.

ಘಟ್ಟದ ಕೆಳಗೆ: ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ, ಎರಡೂ ಯಾವತ್ತೋ ದಾಟಿವೆ. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಮಾತ್ರ ಬೇರೆ ಹಕ್ಕಿರುತ್ತದೆ, ಹೇಗೂ ಹಿಮ್ಮೇಳ ಇದೆಯಲ್ಲ, ಮ್ಯೂಟ್ ಮಾಡಿ.

ಮಕ್ಕಳ ವಿಷಯಕ್ಕೆ: ‘ಚಾಂಗ್’ನಲ್ಲಿ ಹುಲಿ, ಚಿರತೆ ನಿಜವಾಗಿ ಸಾಯ್ತವೆ, ‘ನನೂಕ್’ನಲ್ಲಿ ವಾಲ್ರಸ್ ಬೇಟೆ ಇದೆ. ಮೊದಲೇ ಹೇಳಿಬಿಡಿ. ಕಂಡದ್ದೆಲ್ಲ ಸಾಕ್ಷ್ಯಚಿತ್ರ ಅಂತಲೂ ಪರಿಚಯಿಸಬೇಡಿ. ‘ನನೂಕ್’ನ ಹಿಮದ ಮನೆಯೊಳಗೆ ಬೆಳಕು ಸಾಲದೆ ಒಂದು ಪಕ್ಕ ಕತ್ತರಿಸಿ ತೆಗೆದರು, ಬಂದೂಕು ಬಳಸುತ್ತಿದ್ದವರಿಂದ ಈಟಿ ಹಿಡಿಸಿದರು. ಅದಕ್ಕೂ ಮೊದಲು, 1909ರಲ್ಲಿ, ಅಮೆರಿಕದ ಸೆಲಿಗ್ ಸಿನಿಮಾ ಕಂಪನಿ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ವೇಷದವನನ್ನು ಷಿಕಾಗೋ ಸ್ಟುಡಿಯೋದಲ್ಲಿ ನಿಲ್ಲಿಸಿ, ಸಾಕಿದ ಸಿಂಹ ಕೊಂದು ಆಫ್ರಿಕಾ ಅಂತ ಮಾರಿತ್ತು. ವನ್ಯಜೀವಿ ಛಾಯಾಗ್ರಾಹಕ ಚೆರ್ರಿ ಕಿಯರ್ಟನ್ ಆಫ್ರಿಕಾದಲ್ಲೇ ರೂಸ್‌ವೆಲ್ಟ್‌ನನ್ನು ತೆಗೆದ ನಿಜವಾದ ಚಿತ್ರಕ್ಕಿಂತ ಜನ ಅದನ್ನೇ ಮುಗಿಬಿದ್ದು ನೋಡಿದರು.